ಬಿಚ್ಚದ ಗಂಟು

ಎರಡು ವರ್ಷದ ಹಿಂದಿನ ನಾಗರಪಂಚಮಿ. ರಾಯಚೂರಿನಿಂದ ನಾನು, ಮಾನ್ವಿಯಿಂದ ನನ್ನ ಸೋದರತ್ತೆ ನಾಗಮ್ಮ, ಇಬ್ಬರೂ ಗಬ್ಬೂರಿನ ತವರಿಗೆ ಬಂದಿದ್ದೆವು. ಅಕ್ಕನಿಗೆ ಜೋಕಾಲಿ ಕಟ್ಟುವುದು ತನ್ನ ಕೆಲಸವೆಂದು ಅತ್ತೆಯ ತಮ್ಮ ಮಲ್ಲಪ್ಪ ಕಾಕಾ ಹಿತ್ತಲಿನ ಬೇವಿನ ಮರ ಹತ್ತಿದ. ಹಗ್ಗ ಸಾಲಲಿಲ್ಲ. ಹತ್ತಿ ಮೂಟೆ ಬಿಗಿಯುವ ಇನ್ನೊಂದು ಹಗ್ಗ ತಂದು, ಎರಡನ್ನೂ ಸೇರಿಸಿ ಗಂಟು ಹಾಕಿದ.

“ಲೇ ಮಲ್ಲಾ, ಬಿಚ್ಚಿಗಿಚ್ಚೀತು ನೋಡಲೇ,” ಎಂದಳು ಅತ್ತೆ.

“ತಡಿ, ಇನ್ನೊಂದು ಹಾಕ್ತೀನಿ.”

ಅತ್ತೆ ಅನುಮಾನಪಟ್ಟಾಗಲೆಲ್ಲ ಕಾಕಾ ಗಂಟಿನ ಮೇಲೆ ಗಂಟು ಹಾಕಿದ. ಕೊನೆಗೆ ಅದು ಶೇಂಗಾ ಉಂಡೆಯಷ್ಟು ದಪ್ಪವಾಯಿತು.

“ಈಗ ಆನಿ ಕುಂತ್ರೂ ಬಿಚ್ಚಂಗಿಲ್ಲ.”

“ಆನಿ ಅಂದ್ರ ಯಾರಿಗಲೇ?”

ನಾವೆಲ್ಲ ಆ ಗಂಟನ್ನೇ ಎಳೆದೆಳೆದು ನೋಡಿದೆವು. ಅಲುಗಲಿಲ್ಲ. ಅದರ ಪಕ್ಕದ ಹಗ್ಗವನ್ನು ಯಾರೂ ನೋಡಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿ, ಮಣೆಯ ಮೇಲೆ ನಿಂತೇ ಜೀಕತೊಡಗಿದಳು. ಮುಂದೆ ಹೋದಾಗ ಅವಳ ಕೆಳಗೆ ಹೊಸ ಕೋಣೆಯ ಪಾಯಕ್ಕೆಂದು ಸುರಿಸಿದ್ದ ಕಲ್ಲಿನ ರಾಶಿ. ಹಿಂದೆ ಬಂದಾಗ ನೂಕಲು ಕಾಕಾ.

“ಜೋರ್ ನೂಕಲೇ, ಉಂಡಿಲ್ಲೇನು?”

ಅತ್ತೆ ಕಲ್ಲಿನ ರಾಶಿಯ ಮೇಲಿಂದ ರಭಸವಾಗಿ ಹಿಂದಕ್ಕೆ ಬರುತ್ತಿದ್ದಾಗ ‘ಫಟ್’ ಎಂದಿತು. ಒಂದು ಕಡೆಯ ಹಗ್ಗ ಹರಿದು, ಅತ್ತೆ ಬೆನ್ನು ಮುಂದಾಗಿ ಹಾರಿ ಕಾಕಾನ ಎದೆಯ ಮೇಲೆ ಬಿದ್ದಳು. ನನ್ನ ಕಣ್ಣು ಕಲ್ಲಿನ ರಾಶಿಯತ್ತ ಹೋಯಿತು. ಮುಂದಕ್ಕೆ ಹೋಗುವಾಗ ಹರಿದಿದ್ದರೆ?

“ಯಕ್ಕಾ, ಏಳಬೇ... ಉಸಿರು ಹೊಂಟದ,” ಕೆಳಗಿನಿಂದ ಕಾಕಾನ ದನಿ.

“ತಡಿಯಲೇ, ನಾ ಬದುಕೀನೋ ಇಲ್ಲೋ ನೋಡ್ಕೊಳ್ಳಾಕತ್ತೀನಿ.”

ಪುಣ್ಯಕ್ಕೆ ಇಬ್ಬರಿಗೂ ತರಚು ಗಾಯಗಳಷ್ಟೇ. ಕಾಕಾ ಕುಂಟುತ್ತ ಹೋಗಿ ಹಗ್ಗದ ತುದಿ ಎತ್ತಿ ಹಿಡಿದ. “ನೋಡ್ರಿ ಎಲ್ಲಾರೂ! ಬಿಚ್ಚ್ಯಾದೇನು?”

ನಿಜ, ಗಂಟು ಹಾಗೇ ಇತ್ತು. ಹಗ್ಗ ಹರಿದದ್ದು ಸರಿಯಾಗಿ ಅದರ ಬುಡದಲ್ಲಿ. ಆಮೇಲೆ ಓದಿ ತಿಳಿದುಕೊಂಡೆ: ಗಂಟಿನಲ್ಲಿ ಹಗ್ಗ ತೀರಾ ಬಾಗುವುದರಿಂದ ಭಾರ ಎಲ್ಲ ಎಳೆಗಳಿಗೂ ಹಂಚಿಕೆಯಾಗದೆ ಕೆಲವು ಎಳೆಗಳ ಮೇಲೇ ಬೀಳುತ್ತದೆಯಂತೆ. ದಪ್ಪ ಕೊಂಬೆಗೆ ಸುಮ್ಮನೆ ಸುತ್ತು ಹಾಕಿದ್ದ ಕಡೆ ಹಗ್ಗಕ್ಕೆ ಏನೂ ಆಗಿರಲಿಲ್ಲ.

ಮರುವರ್ಷ ಒಂದೇ ಉದ್ದನೆಯ ಹೊಸ ಹಗ್ಗ ಬಂತು. ಅತ್ತೆ ಮೊದಲು ಕಾಕಾನನ್ನೇ ಕೂರಿಸಿ ತೂಗಿದಳು, ಆಮೇಲೆ ತಾನು ಹತ್ತಿದಳು. ನಾನು ಮಾತ್ರ ಇನ್ನೂ ಜೋಕಾಲಿ ಹತ್ತಿಲ್ಲ. ಎಲ್ಲಾದರೂ ‘ಫಟ್’ ಎಂದರೆ, ಅದು ಪಟಾಕಿಯೇ ಇರಲಿ, ಆ ಕಲ್ಲಿನ ರಾಶಿ ಕಣ್ಣಿಗೆ ಕಟ್ಟುತ್ತದೆ. ಅತ್ತೆ ಯಾವ ಕಡೆ ಬಿದ್ದಳೆಂದು ಮತ್ತೆ ಹುಡುಕುತ್ತೇನೆ.

ಅತ್ತೆ ಆ ಗಂಟನ್ನು ಕತ್ತರಿಸಿ ಒಯ್ದು ಮಾನ್ವಿಯ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಾಳೆ. ಕಾಕಾ ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ವಿಚಾರಿಸುತ್ತಾನೆ.

“ಅಕ್ಕಾ, ಬಿಚ್ಚ್ಯಾದೇನು?”

“ಇಲ್ಲಲೇ. ನಿನ್ನ ಎದಿ ಹೆಂಗದ?”