ಯಲ್ಲೇಶನ ಬೀಗ

ಗಾದಿಗನೂರಿನ ಯಲ್ಲೇಶ್ ಹೈಸ್ಕೂಲಿನಲ್ಲಿ ನನ್ನ ಬಳಿ ಮೂರು ವರ್ಷ ಓದಿದವನು. ಪಕ್ಕದವನ ಲೆಕ್ಕ ತಪ್ಪಿದರೆ ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾನೇ ಮಾಡಿಬಿಡುತ್ತಿದ್ದ. ಎಷ್ಟು ಗದರಿದರೂ ಆ ಚಾಳಿ ಹೋಗಲಿಲ್ಲ. ನಲವತ್ತೊಂದು ತುಂಬಿದ ಮೇಲೂ ಹೋಗಿರಲಿಲ್ಲ.

ಐಟಿಐ ಮುಗಿಸಿ, ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಸಂಡೂರು ರಸ್ತೆಯ ಸಣ್ಣ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಸೇರಿದ. ಹತ್ತೊಂಬತ್ತು ವರ್ಷ ಅಲ್ಲಿಯೇ ದುಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಬೇರಿಂಗ್ ಇನ್ನೆಷ್ಟು ದಿನ ಬಾಳೀತೆಂದು ಹೇಳುತ್ತಿದ್ದ. ಕಂಪನಿಯವರು ಮೆಚ್ಚಿ ಅವನನ್ನು ಅದಿರು ಸಾಗಿಸುವ ಬೆಲ್ಟ್ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಆದರೆ ಆರು ತಿಂಗಳ ಪರೀಕ್ಷೆ. ಹದಿನಾಲ್ಕು ಜನರಿಂದ ಕೆಲಸ ಮಾಡಿಸಿ ತೋರಿಸಿದರೆ ಹುದ್ದೆ ಖಾಯಂ, ಇಲ್ಲವಾದರೆ ಮರಳಿ ಫಿಟ್ಟರ್.

ಇವನು ಮಾಡಿಸಿದ್ದುಂಟೇ? ನಟ್ಟು ಬಿಚ್ಚುವ ಪಾನಾ ಹಿಡಿದು ತಾನೇ ಬೆಲ್ಟಿನ ಕೆಳಗೆ ತೂರಿಕೊಳ್ಳುತ್ತಿದ್ದ. ಹದಿನಾಲ್ಕು ಜನ ನಿಂತು ನೋಡುತ್ತಿದ್ದರು.

"ನಿಮಗ ಕುರ್ಚಿ ಕೊಟ್ಟೀವಿ, ಪಾನಾ ಯಾಕ ಹಿಡೀತೀರಿ?" ಎಂದು ಮ್ಯಾನೇಜರ್ ವಿಜಯಕುಮಾರ್ ಕೇಳಿದರೆ, "ಅವರು ಮಾಡಿದ್ರ ಎರಡು ತಾಸು, ನಾ ಮಾಡಿದ್ರ ಅರ್ಧ ತಾಸು ಸರ್" ಎನ್ನುತ್ತಿದ್ದ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಯಂತ್ರಕ್ಕೆ ಕೈ ಹಾಕುವ ಪ್ರತಿಯೊಬ್ಬರೂ ಮೊದಲು ಕರೆಂಟ್ ತೆಗೆಸಿ, ಸ್ವಿಚ್ಚಿಗೆ ತಮ್ಮ ಹೆಸರಿನ ಬೀಗ ಹಾಕಬೇಕು. ಹಾಕಿದವರೇ ತೆಗೆಯಬೇಕು; ಒಂದು ಬೀಗ ಉಳಿದರೂ ಸ್ವಿಚ್ ಹಾಕಲಾಗದು. ಒಳಗೆ ಮನುಷ್ಯನಿರುವಾಗ ಬೆಲ್ಟ್ ತಿರುಗಿದರೆ ಹೆಣವೇ ಹೊರಬರುವುದು. ಹೊಸಬರಿಗೆಲ್ಲ ಈ ಪಾಠ ಹೇಳಿಕೊಟ್ಟವನು ಯಲ್ಲೇಶನೇ.

ಆರನೆಯ ತಿಂಗಳ ಒಂದು ಭಾನುವಾರ ಕಂಪ್ಲಿಯಲ್ಲಿ ಅವನ ಅಕ್ಕನ ಮಗಳ ನಿಶ್ಚಿತಾರ್ಥ. ನನ್ನನ್ನೂ ಕರೆದಿದ್ದ. ರಜೆಯಿದ್ದರೂ ಬೆಳಗ್ಗೆ ಕಾರ್ಖಾನೆಗೆ ಇಣುಕಿ, ರೋಲರ್ ಬದಲಿಸುತ್ತಿದ್ದವರನ್ನು ಕಂಡು ತಡೆಯಲಾರದೆ ತನ್ನ ಬೀಗವನ್ನೂ ಹಾಕಿ, ನಾಲ್ಕು ಬೋಲ್ಟ್ ತಿರುವಿ, ಹೊಸಪೇಟೆಗೆ ಓಡಿಬಂದು ನಮ್ಮ ಜೊತೆ ಬಸ್ಸು ಹತ್ತಿದ. ಕಮಲಾಪುರ ದಾಟಿದಾಗ ಫೋನ್ ಬಂತು. ಅವನ ವಿಭಾಗದ ಕಿರಿಯ ಫಿಟ್ಟರ್ ದೇವಿಕಾ. ಬಸ್ಸಿನ ಗದ್ದಲಕ್ಕೆ ಅವನು ಸ್ಪೀಕರ್ ಹಾಕಿದ.

"ಅಣ್ಣಾರ, ಕೆಲಸ ಮುಗೀತು. ನಮ್ಮ ಬೀಗ ಎಲ್ಲಾ ತೆಗೆದೀವಿ. ನಿಮ್ದೊಂದು ಉಳಿದೈತಿ."

ಯಲ್ಲೇಶ್ ಕಿಸೆಗೆ ಕೈ ಹಾಕಿದ. ಬೀಗದ ಕೈ ಹೊರಗೆ ಬಂತು.

"ಹುಡುಗಿಗೆ ತಂದ ಸೀರಿ ಮನ್ಯಾಗ ಮರತು ಬಂದೀರಿ, ಇದನ್ನ ಮಾತ್ರ ಮರೀಲಿಲ್ಲ ನೋಡ್ರಿ" ಎಂದಳು ಅವನ ಹೆಂಡತಿ ಸುಧಾರಾಣಿ.

"ಕತ್ತರಿಸಿಬಿಡವ್ವ. ನಾ ಬಸ್ಸಿನಾಗದೀನಿ, ಬೆಲ್ಟಿನಾಗಿಲ್ಲ" ಎಂದ ಯಲ್ಲೇಶ್ ಫೋನಿಗೆ.

"ಫೋನಿನ ಮಾತಿಗೆ ಬೀಗ ಮುರೀಬ್ಯಾಡ ಅಂತ ನೀವೇ ಹೇಳಿಕೊಟ್ಟೀರಿ. ಮ್ಯಾನೇಜರ್ ಸಾಹೇಬ್ರೂ ಕತ್ತರಿಸು ಅಂದ್ರು. ಆಗಂಗಿಲ್ಲ ಅಂದೀನಿ."

"ಈಗ ನಾನೇ ಹೇಳಾಕತ್ತೀನಲ್ಲ?"

"ಬಂದು ಹೇಳ್ರಿ."

ಕಂಪ್ಲಿಯಲ್ಲಿ ಊಟದ ಎಲೆಯನ್ನೂ ನೋಡದೆ, ಭಾವನ ಮೋಟಾರ್ ಸೈಕಲ್ ಇಸಿದುಕೊಂಡು ಹಿಂದಕ್ಕೆ ಹೊರಟ. ಹುಡುಗಿಯ ಸೋದರಮಾವನೇ ಇಲ್ಲದೆ ನಿಶ್ಚಿತಾರ್ಥ ನಡೆಯಿತು. ಬಂದವರಿಗೆಲ್ಲ ಕಾರಣ ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಬೆಲ್ಟ್ ಮೂರು ತಾಸು ನಿಂತಿತ್ತಂತೆ. ವಿಜಯಕುಮಾರ್ ಕೂಗಾಡಲಿಲ್ಲವಂತೆ. "ಆ ಹುಡುಗಿ ದೇವಿಕಾ ನನಗೇ ಇಲ್ಲ ಅಂದಳು. ಇಂಥವರನ್ನ ಕೈಕೆಳಗ ಇಟ್ಕೊಂಡು ನೀವು ಬೋಲ್ಟ್ ತಿರುವ್ತೀರಲ್ರಿ" ಎಂದಷ್ಟೇ ಹೇಳಿ ಪರೀಕ್ಷೆಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಿದರು. ಜೊತೆಗೆ, ಅವನ ಬೀಗವನ್ನು ಸ್ಟೋರಿಗೆ ಮರಳಿಸಬೇಕೆಂದರು. ಬೀಗವಿಲ್ಲದವನು ಯಂತ್ರ ಮುಟ್ಟುವಂತಿಲ್ಲ.

ಆ ಮೂರು ತಿಂಗಳು ನನ್ನ ಮನೆಗೆ ಬಂದು ಅವನು ಗೊಣಗಿದ್ದನ್ನು ಬರೆದರೆ ಒಂದು ಪುಸ್ತಕವಾದೀತು.

"ನಿಂತು ನೋಡೂದಂದ್ರ ಮೈಮ್ಯಾಲ ಇರುವಿ ಹರದಂಗ ಆಕ್ಕೈತ್ರಿ ಸರ್. ಎಡಕ್ಕ ತಿರುವೂದನ್ನ ಬಲಕ್ಕ ತಿರುವ್ತಾರ."

"ಆಮೇಲೆ?"

"ಆಮ್ಯಾಲ ತಾವೇ ಎಡಕ್ಕ ತಿರುವ್ತಾರ."

"ಮತ್ತೇನಪ್ಪಾ ನಿನ್ನ ಗೋಳು?"

"ಅಲ್ಲೀತನ ನಾ ಸುಮ್ಮನಿರಬೇಕಲ್ರಿ."

ಕಳೆದ ತಿಂಗಳು ನಮ್ಮ ಹಿತ್ತಲಿನ ಮೋಟಾರು ಗುಂಯ್ ಎನ್ನುತ್ತಿತ್ತೇ ಹೊರತು ನೀರೆತ್ತುತ್ತಿರಲಿಲ್ಲ. ಹಿಂದೆಲ್ಲ ನಾನು ಹೇಳುವ ಮೊದಲೇ ಅವನು ಬಿಚ್ಚಿ ಹಾಕುತ್ತಿದ್ದ. ಈ ಸಲ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕುಳಿತ.

"ಕರೆಂಟ್ ತೆಗೀರಿ ಸರ್. ಈಗ ಮ್ಯಾಲಿನ ನಟ್ಟು ಬಿಚ್ರಿ."

"ನನಗೆ ಎಪ್ಪತ್ತಮೂರು. ನೀನೇ ಏಳಬಾರದೇ?"

"ಗಡಿಬಿಡಿ ಬ್ಯಾಡ್ರಿ. ಇನ್ನೊಂದು ಸುತ್ತು. ಹಾಂ, ಈಗ ನೀರು ಹಾಕ್ರಿ. ಗಾಳಿ ಹಿಡದೈತಿ."

ಮುಕ್ಕಾಲು ಗಂಟೆ ಹಿಡಿಯಿತು. ಅಂಗಿಯೆಲ್ಲ ಎಣ್ಣೆ, ಬೆರಳು ತರಚಿ ಉರಿ. ಎರಡು ಸಲ ಅವನ ಕೈ ತಾನಾಗಿ ಪಾನಾದತ್ತ ಚಾಚಿತು. ಎರಡು ಸಲವೂ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ. ಕೊನೆಗೆ ನಲ್ಲಿಯಲ್ಲಿ ನೀರು ಬಂತು.

ಆಗ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟ. ವಿಭಾಗದ ಮುಖ್ಯಸ್ಥನ ಹುದ್ದೆ ಖಾಯಂ ಆದ ಪತ್ರ.

"ಬಂದ ಕೂಡಲೇ ತೋರಿಸಬಾರದಿತ್ತೇನೋ?" ಎಂದು ರೇಗಿದೆ.

"ಮೊದಲೇ ತೋರಿಸಿದ್ರ ನೀವು ಖುಷಿಲೆ ಮಾತಾಡ್ಕೊಂತ ಕುಂದುರ್ತಿದ್ರಿ. ಮೋಟಾರು ನಾನೇ ಬಿಚ್ಚಬೇಕಾಕ್ಕಿತ್ತು."