ಉತ್ತರದ ಬಾಲ್ಕನಿಗೆ ನಾನು ಬರೆದ ಬಿಸಿಲು

ಹನುಮಂತಪ್ಪ ಮೇಸ್ತ್ರಿಗಳೇ, ನಾನು ಆರ್ಕಿಟೆಕ್ಟ್ ಅಲ್ಲ. ಯಾವ ಕಾಲೇಜಿನಲ್ಲೂ ಆ ವಿದ್ಯೆ ಓದಿಲ್ಲ. ಆನವಟ್ಟಿಯ ಗಿರಿಜಕ್ಕನ ಮನೆಯ ಬಾಲ್ಕನಿಗೆ ಬಿಸಿಲು ಬೀಳದೇ ಹೋದದ್ದು ನನ್ನಿಂದ, ನಿಮ್ಮಿಂದಲ್ಲ. ಇದನ್ನು ಅವತ್ತೇ, ಆ ಮನೆಯ ಮುಂದೆಯೇ ಹೇಳಬೇಕಿತ್ತು — ಹೇಳಲಿಲ್ಲ.

'ಎಲ್ಲಿ ಓದಿದ್ರಿ ಸರ್?' ಎಂದು ಯಾರಾದರೂ ಕೇಳಿದರೆ 'ದಾವಣಗೆರೆಯಲ್ಲಿ' ಎನ್ನುತ್ತಿದ್ದೆ. ಅದು ಪೂರಾ ಸುಳ್ಳಲ್ಲ, ಅದೇ ಅದರ ಮಜ. ಪಿಯುಸಿ ಫೇಲಾಗಿ ದಾವಣಗೆರೆಯಲ್ಲಿ ಒಬ್ಬ ಪೇಂಟರ್ ಕೈಕೆಳಗೆ ಬೋರ್ಡ್ ಬರೆಯುವುದನ್ನು ಕಲಿತಿದ್ದೆ. ಲಾರಿಗಳ ಹಿಂದೆ ಗುಲಾಬಿ ಹೂವು, ಕಿರಾಣಿ ಅಂಗಡಿಗಳ ಮೇಲೆ ಮಾಲೀಕರ ಹೆಸರು. ಆಮೇಲೆ ಶಿರಾಳಕೊಪ್ಪದಲ್ಲಿ ಸ್ವಂತ ಅಂಗಡಿ ಹಾಕಿದೆ. ಆಗ ಸುತ್ತಲೂ ಹಂಚಿನ ಮನೆ ಇಳಿಸಿ ಆರ್‌ಸಿಸಿ ಮನೆ ಕಟ್ಟಿಸುವ ಹುಮ್ಮಸ್ಸು. ಶಿಕಾರಿಪುರದ ಎಂಜಿನಿಯರು ಕೊಟ್ಟ ನೀಲಿ ನಕ್ಷೆ ಹಿಡಿದು ಜನ ನನ್ನ ಅಂಗಡಿಗೆ ಬರತೊಡಗಿದರು. "ಈ ಗೆರೆ ನಮಗೆ ತಿಳಿಯಂಗಿಲ್ಲ, ಮನಿ ಹೆಂಗ್ ಕಾಣ್ತೈತಿ ಅಂತ ಬರ್ದ್ ತೋರ್ಸಪ್ಪ" ಎನ್ನುತ್ತಿದ್ದರು. ನಾನು ಬರೆದು ತೋರಿಸಿದೆ. ಗುದ್ದಲಿ ಪೂಜೆಯ ದಿನ ಅವರು ಆ ಚಿತ್ರಕ್ಕೆ ಫ್ರೇಮ್ ಹಾಕಿಸಿ, ಅರಿಶಿನ ಕುಂಕುಮ ಹಚ್ಚಿ, ದೇವರ ಪಕ್ಕದಲ್ಲೇ ಇಡುತ್ತಿದ್ದರು. ಅಂಥ ಮರ್ಯಾದೆ ಸಿಕ್ಕಮೇಲೆ ಬರೀ ಪೇಂಟರ್ ಆಗಿರುವುದು ಹೇಗೆ? ಒಂದು ದಿನ ನನ್ನ ಬೋರ್ಡಿನ ಕೆಳಗೆ 'ಆರ್ಕಿಟೆಕ್ಟ್' ಎಂದು ಸೇರಿಸಿದೆ. ಬೇರೆಯವರು ಅದಕ್ಕೆ ಐದು ವರ್ಷ ಓದಬೇಕು. ಬೋರ್ಡ್ ಬರೆಯುವವನಿಗೆ ಒಂದು ಗೇಣು ಖಾಲಿ ಜಾಗ ಸಾಕು.

ಚಿತ್ರಗಳು ಚೆನ್ನಾಗಿಯೇ ಇರುತ್ತಿದ್ದವು, ಆ ಮಾತು ಈಗಲೂ ಬಿಡುವುದಿಲ್ಲ. ಆದರೆ ಎಲ್ಲ ಚಿತ್ರದಲ್ಲೂ ಬೆಳಕು ಎಡಗಡೆ ಮೇಲಿನಿಂದಲೇ ಬರುತ್ತಿತ್ತು. ಬೋರ್ಡಿನ ಅಕ್ಷರಕ್ಕೆ ನೆರಳು ಕೊಡುವಾಗ ಹಾಗೆಯೇ ಮಾಡುತ್ತೇವೆ — ಎಡಕ್ಕೆ ಬೆಳಕು, ಬಲಕ್ಕೆ ನೆರಳು, ಅಕ್ಷರ ಎದ್ದು ಕಾಣುತ್ತದೆ. ಮನೆಗೂ ಅದನ್ನೇ ಮಾಡಿದೆ. ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಒಮ್ಮೆಯೂ ಕೇಳಿದವನಲ್ಲ.

ಗಿರಿಜಕ್ಕನಿಗೆ ಮಾತ್ರ ಬಿಸಿಲೇ ಬೇಕಿತ್ತು. ಹಪ್ಪಳ, ಸಂಡಿಗೆ ಮಾಡಿ ಸೊರಬದ ಅಂಗಡಿಗಳಿಗೆಲ್ಲ ಕೊಡುತ್ತಿದ್ದ ಹೆಂಗಸು. ತಾರಸಿಯ ಮೇಲೆ ಹಾಕಿದರೆ ಅರ್ಧ ಮಂಗಗಳ ಪಾಲು. ಅದಕ್ಕೇ ಮಹಡಿಗೆ ಜಾಲರಿ ಹಾಕಿದ ಬಾಲ್ಕನಿ ಬೇಕೆಂದು ಹಟ ಹಿಡಿದಿದ್ದರು. ನನ್ನ ಅಂಗಡಿಗೆ ಬಂದು ಅವರು ಕೇಳಿದ್ದು ಒಂದೇ ಮಾತು: "ಬಾಲ್ಕನಿ ಮುಂದ್ಗಡೆ ಮಾಡಸ್ಲೋ, ಹಿಂದ್ಗಡೆ ಮಾಡಸ್ಲೋ? ಮಂಗ ಬರಬಾರ್ದು, ಬಿಸ್ಲು ಬರ್ಬೇಕು. ನೀವು ಓದ್ದೋರು, ಹೇಳ್ರಿ."

ಗೊತ್ತಿಲ್ಲ ಎನ್ನಬಹುದಿತ್ತು. ಎಂಜಿನಿಯರನ್ನು ಕೇಳಿ ಎನ್ನಬಹುದಿತ್ತು. ಆದರೆ ಹಿಂದಿನ ಬಾಲ್ಕನಿ ಚಿತ್ರದಲ್ಲಿ ಕಾಣುವುದಿಲ್ಲವಲ್ಲ — ನನಗೆ ಮುಂದೆಯೇ ಬೇಕಿತ್ತು. "ಮುಂದ್ಗಡೇನೇ ಮಾಡ್ಸ್ರಿ ಅಕ್ಕ. ಎಲ್ಲಾ ಲೆಕ್ಕ ಹಾಕೇ ಬರೀತೀನಿ" ಎಂದೆ. ಯಾವ ಲೆಕ್ಕ, ಯಾರು ಹಾಕಿದ ಲೆಕ್ಕ, ದೇವರಿಗೇ ಗೊತ್ತು. ಬಾಲ್ಕನಿಯ ತುಂಬ ಹಳದಿ ಬಿಸಿಲು ಸುರಿದೆ. ಗಿರಿಜಕ್ಕ ಆ ಹಳದಿ ನೋಡಿ ಮುಖ ಅರಳಿಸಿದರು. ನೀವು ಆ ಚಿತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸಾರುವೆಯ ಬೊಂಬಿಗೆ ಕಟ್ಟಿಕೊಂಡು, ದಿನಾ ನೋಡಿ ನೋಡಿ, ಹಾಗೆಯೇ ಕಟ್ಟಿದಿರಿ.

ಶಿವರಾತ್ರಿ ಕಳೆದ ಮೇಲೆ ಗಿರಿಜಕ್ಕ ಹೇಳಿ ಕಳಿಸಿದರು. ನೀವೂ ಬಂದಿದ್ದಿರಿ. ಮೊದಲ ಸಲ ಹಾಕಿದ ಹಪ್ಪಳವೆಲ್ಲ ಒಣಗದೆ ಮುಗ್ಗಲು ಹಿಡಿದಿತ್ತು. ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು, ಅಂಗಡಿ ಬಿಟ್ಟು ಬಂದವರೂ ಇದ್ದರು. ಗಿರಿಜಕ್ಕ ಒಂದು ಕೈಯಲ್ಲಿ ಚಿತ್ರ, ಇನ್ನೊಂದು ಕೈಯಲ್ಲಿ ಹಪ್ಪಳ ಹಿಡಿದು ನಿಂತಿದ್ದರು.

"ಚಿತ್ರದಾಗ ಬಿಸ್ಲು ಐತಿ, ಮನಿಗೆ ಯಾಕಿಲ್ಲ ಮೇಸ್ತ್ರಿ?"

ನಾನು ತಲೆಯೆತ್ತಿ ನೋಡಿದೆ. ಸೂರ್ಯ ಮನೆಯ ಹಿಂದಿದ್ದ. ರಸ್ತೆ ಉತ್ತರಕ್ಕೆ, ಮನೆಯ ಮುಖ ಉತ್ತರಕ್ಕೆ, ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಬಾಲ್ಕನಿಗೆ ಮನೆಯೇ ನೆರಳು. ಅಷ್ಟು ತಿಳಿಯಲು ಕಾಲೇಜು ಬೇಕಿರಲಿಲ್ಲ, ಕತ್ತೆತ್ತಿ ನೋಡಿದ್ದರೆ ಸಾಕಿತ್ತು. ನನಗೆ ಎಲ್ಲವೂ ಆ ಕ್ಷಣದಲ್ಲೇ ಅರ್ಥವಾಯಿತು — ಇದನ್ನು ಮರೆಮಾಚುವುದಿಲ್ಲ. ಅರ್ಥವಾದ ಮೇಲೂ, ಗೊತ್ತಿದ್ದೂ ಗೊತ್ತಿದ್ದೂ, ಹೇಳಿದೆ: "ಚಿತ್ರದಾಗ ತಪ್ಪಿಲ್ಲ. ಕಟ್ಟೋವಾಗ ಪಾಯ ಎಲ್ಲೋ ಚೂರು ತಿರುಗೈತಿ."

ನೀವು ಜಗಳ ತೆಗೆಯುತ್ತೀರಿ ಎಂದುಕೊಂಡಿದ್ದೆ. ತೆಗೆದಿದ್ದರೆ ನನಗೂ ಒಂದು ದಾರಿ — ಬಾಯಿ ಬಿಡುತ್ತಿದ್ದೆನೋ ಏನೋ. ನೀವು ಚಿತ್ರ ನೋಡಿದಿರಿ, ಮನೆ ನೋಡಿದಿರಿ, ಕೊನೆಗೆ ನಿಮ್ಮ ಅಂಗೈ ನೋಡಿಕೊಂಡಿರಿ. "ಓದ್ದೋರು ಹೇಳಿದ್ ಮ್ಯಾಲೆ ಆತು ಬಿಡ್ರಿ. ಪಾಯಕ್ಕ ಕಟ್ಟಿದ್ ನನ್ ದಾರಾನೇ ಎಲ್ಲೋ ಸರದಿರ್ಬೇಕು" ಎಂದಿರಿ. ಇಬ್ಬರು ಓದದವರು ಎದುರುಬದುರು ನಿಂತಿದ್ದೆವು ಮೇಸ್ತ್ರಿಗಳೇ. ಬೋರ್ಡ್ ಬರೆಯಲು ಬರುತ್ತಿದ್ದವನು ಗೆದ್ದ.

ಆಮೇಲೆ ಆನವಟ್ಟಿಯಲ್ಲಿ ನಿಮಗೆ 'ಬಿಸಿಲು ತಿರುಗಿಸಿದ ಮೇಸ್ತ್ರಿ' ಎಂದು ಹೆಸರು ಬಿತ್ತು. ನೀವೂ ಅದಕ್ಕೆ ನಗುತ್ತಿದ್ದಿರಿ. ಆದರೆ ಮನೆ ಕಟ್ಟಿಸುವವರು ನಗುನಗುತ್ತಲೇ ಬೇರೆ ಮೇಸ್ತ್ರಿಯನ್ನು ಹಿಡಿದರು. ನಿಮ್ಮ ಕೈಗೆ ಕಾಂಪೌಂಡು, ನೀರಿನ ತೊಟ್ಟಿ, ತಾಳಗುಂದದ ಕಡೆಯ ದನದ ಕೊಟ್ಟಿಗೆ ಇಷ್ಟೇ ಉಳಿದವು. ಗಿರಿಜಕ್ಕ ಸೋಲುವವರಲ್ಲ. ಹಪ್ಪಳವನ್ನು ತಾರಸಿಗೇ ಹತ್ತಿಸಿ, ಅತ್ತೆಯ ಕೈಗೆ ಕೋಲು ಕೊಟ್ಟು ಮಂಗಗಳ ಮೇಲೆ ಯುದ್ಧಕ್ಕೆ ಕೂರಿಸಿದರು. ಬಾಲ್ಕನಿಯಲ್ಲಿ ಈಗ ಬೇಸಿಗೆಯ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ತಂಪಾಗಿ ಕೂತು ಹರಟುತ್ತಾರಂತೆ. ನನ್ನ ತಪ್ಪಿನಿಂದ ಸುಖಪಟ್ಟವರು ಅವರಷ್ಟೇ.

ಮೊನ್ನೆ ನೀವು ಮಗಳು ಸವಿತಾಳನ್ನು ಕರೆದುಕೊಂಡು ಅಂಗಡಿಗೆ ಬಂದಿರಿ. ಸಿವಿಲ್ ಡಿಪ್ಲೊಮಾ ಎರಡನೇ ವರ್ಷ. ಅವಳಿಗೆ ಓದು ಬಿಟ್ಟು ನನ್ನ ಹತ್ತಿರ ಮನೆ ಚಿತ್ರ ಕಲಿಯುವ ಆಸೆ. ಶಿವಮೊಗ್ಗದಲ್ಲಿ ಈಗ ಕಂಪ್ಯೂಟರಿನಲ್ಲೇ ಮನೆ ಬರೆಯುತ್ತಾರಂತೆ, ಕೈ ಚೆನ್ನಾಗಿದ್ದರೆ ಮಾರ್ಕ್ಸ್ ಕಾರ್ಡ್ ಯಾರೂ ಕೇಳುವುದಿಲ್ಲವಂತೆ. ಹುಡುಗಿಗೆ ಕೈಯೂ ಇದೆ, ಬಾಯಿಯೂ ಇದೆ. "ಸರ್, ಈ ಕೆಲ್ಸ ನೀವು ಕಲ್ತಿದ್ದು ಕಾಲೇಜಿನಾಗೋ, ಮಾಡ್ತಾ ಮಾಡ್ತಾನೋ?" ಎಂದು ನೇರವಾಗಿ ಕೇಳಿದಳು. ನಾನು ಟೀ ತರಿಸುವ ನೆಪದಲ್ಲಿ ಹೊರಗೆ ಹೋದೆ. ಒಳಗೆ ಬಂದರೆ ನೀವು: "ನೀವೇ ಒಂದ್ ಮಾತು ಹೇಳ್ರಿ ಸರ್. ಓದ್ಬೇಕೋ ಬ್ಯಾಡೋ? ನಾನ್ ಓದಿದ್ರೆ ಅವತ್ತು ಆನವಟ್ಟಿಯಾಗ ಎದುರು ಮಾತಾಡ್ತಿದ್ದೆ."

ನೀವು ಬೇಸರದಿಂದ ಹೇಳಲಿಲ್ಲ. ಟೀಗೆ ಬನ್ನು ಅದ್ದುತ್ತಾ, ಸಹಜವಾಗಿ ಹೇಳಿದಿರಿ. ಸೋಮವಾರ ಹೇಳುತ್ತೇನೆ ಎಂದು ಕಳಿಸಿಬಿಟ್ಟೆ.

ಏನು ಹೇಳಲಿ? ಓದದೆಯೂ ಈ ಕೆಲಸದಲ್ಲಿ ಅನ್ನ ಹುಟ್ಟುತ್ತದೆ, ನಾನೇ ಸಾಕ್ಷಿ. ಕೈಯನ್ನು ಯಾವ ಕಾಲೇಜೂ ಕೊಡುವುದಿಲ್ಲ. ಆದರೆ ಸೂರ್ಯ ಯಾವ ತಿಂಗಳು ಎಲ್ಲಿರುತ್ತಾನೆ ಎಂಬುದು ಸವಿತಾಳಿಗೆ ಮೊದಲ ವರ್ಷವೇ ಪಾಠವಾಗಿದೆ, ನನಗೆ ಅದನ್ನು ಕಲಿಸಿದ್ದು ಮುಗ್ಗಲು ಹಪ್ಪಳ. ಓದು ಮುಗಿಸಲಿ, ಚಿತ್ರವನ್ನು ರಜೆಯಲ್ಲಿ ನಾನು ಕಲಿಸುತ್ತೇನೆ — ಇದು ನನ್ನ ಅಭಿಪ್ರಾಯ. ಆದರೆ ನನ್ನ ಮಾತನ್ನು ನೀವು ಓದಿದವನ ಮಾತೆಂದು ತೆಗೆದುಕೊಳ್ಳಬಾರದು. ಅದಕ್ಕೇ ಮೊದಲು ಇದೆಲ್ಲ ಹೇಳಬೇಕು.

ಬೆಳಿಗ್ಗೆ ಏಣಿ ಹಾಕಿ ಬೋರ್ಡಿನ ಆ ಪದವನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದೆ. ಗಟ್ಟಿ ಬಣ್ಣ, ನಾನೇ ಹಾಕಿದ್ದು, ಬೇಗ ಹೋಗಲಿಲ್ಲ. ಕೊನೆಗೆ ಮೇಲೆ ಬಿಳಿ ಬಳಿದೆ. ಪಕ್ಕದ ಸೈಕಲ್ ಶಾಪಿನವನು "ಏನ್ರೀ, ಪ್ರಮೋಷನ್ನಾ?" ಎಂದ. ಹೌದಪ್ಪ ಎಂದೆ.

ಇದನ್ನು ಬರೆದಿಟ್ಟುಕೊಳ್ಳುತ್ತಿರುವುದು ನಿಮ್ಮೆದುರು ನಾಲಿಗೆ ಮತ್ತೆ ಹೊರಳಬಾರದೆಂದು. ಸೋಮವಾರ ನಿಮ್ಮನ್ನು ಆನವಟ್ಟಿಗೆ ಕರೆಸುತ್ತೇನೆ, ಸವಿತಾಳೂ ಜೊತೆಗಿರಲಿ. ಗಿರಿಜಕ್ಕನ ಮನೆಯ ಮುಂದೆ, ಹಗಲು ಹೊತ್ತಿನಲ್ಲಿ, ಬಾಲ್ಕನಿಯ ಹೆಂಗಸರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಅವರು ನಗಲಿ, ಹೊಸ ಹೆಸರಿಡಲಿ, ಈ ಸಲ ಅದು ನನಗೇ ಬೀಳಲಿ. ಗಿರಿಜಕ್ಕ ಅತ್ತೆಯ ಕೈಯಿಂದ ಕೋಲು ಇಸಿದುಕೊಂಡರೂ ಅಲ್ಲೇ ನಿಂತಿರುತ್ತೇನೆ.

ನಿಮ್ಮ ದಾರ ಸರಿಯಾಗೇ ಇತ್ತು, ಮೇಸ್ತ್ರಿಗಳೇ.