ಸಾವಿನ ಮನೆಯ ಮಲ್ಲಿಗೆ

ಶಂಕರಪುರ ಮಲ್ಲಿಗೆಯ ದರ ಮದುವೆ, ದೈವದ ಕೋಲಗಳ ಕಾಲದಲ್ಲಿ ಆಕಾಶಕ್ಕೇರುತ್ತದೆ. ಶುಭಕಾರ್ಯಗಳಿಲ್ಲದ ಆಟಿಯ ಮಳೆ ತಿಂಗಳಲ್ಲಿ ಕೇಳುವವರಿರುವುದಿಲ್ಲ. ಕಾಪು ಕಡೆಯ ಸ್ವರ್ಣಲತಾ ಮದುವೆಯಾಗಿ ಬಂದಂದಿನಿಂದ ಈ ಏರಿಳಿತದಲ್ಲೇ ಬದುಕಿದವಳು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ವ್ಯಾಪಾರಿಗಳು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಿದರೆ ಅವಳಿಗೆ ಅರ್ಧ ದಿನ ಗೆದ್ದಂತೆ. ಗಂಡ ವಿಠಲ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮನೆ ಹಿಡಿದ. ಬಿಪಿಎಲ್ ಕಾರ್ಡ್ ಇದ್ದುದರಿಂದ ಉಡುಪಿಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಪುಕ್ಕಟೆ. ಆ ಕಾರ್ಡಿನಿಂದಲೇ ಅವನು ಉಸಿರಾಡುತ್ತಿದ್ದ.

ಕಳೆದ ವರ್ಷ ಪಕ್ಕದ ಮನೆಯ ಹರ್ಷಿಣಿಯ ಗಂಡ ತೀರಿಕೊಂಡ. ಸಾವಾದ ಮನೆಯ ಹೂ ವರ್ಷ ತುಂಬುವವರೆಗೆ ದೈವಕ್ಕೂ ಆಗದು, ಮದುವೆಗೂ ಆಗದು ಎಂಬುದು ಆ ಊರಿನ ಕಟ್ಟು. ಕಟ್ಟು ಮಾಡಿದವರ ಹೊಟ್ಟೆ ತುಂಬಿತ್ತು ಬಿಡಿ. ಹರ್ಷಿಣಿಗಿದ್ದದ್ದು ಎರಡು ಮಕ್ಕಳು ಮತ್ತು ಹಿತ್ತಲಿನ ಮಲ್ಲಿಗೆ ಗಿಡಗಳು ಮಾತ್ರ.

"ನನ್ನ ಹೂವಿನ ಜೊತೆ ಸೇರಿಸುತ್ತೇನೆ, ತಂದುಕೊಡು. ಯಾರಲ್ಲಿಯೂ ಹೇಳಬೇಡ," ಎಂದಳು ಸ್ವರ್ಣಲತಾ.

ಅವಳ ಗಿಡಗಳಿಗೆ ಆ ವರ್ಷ ಎಲೆ ಹಳದಿಯಾಗುವ ರೋಗ ಬಡಿದಿತ್ತು. ಆದರೂ ಅವಳ ಹೆಸರಿನಲ್ಲಿ ಹೂ ಹೆಚ್ಚೇ ಹೋಯಿತು. ಹಣವೆಲ್ಲ ಫೋನಿನಲ್ಲಿ ಅವಳ ಖಾತೆಗೆ ಬಂತು, ಹರ್ಷಿಣಿಯ ಪಾಲು ನಗದಾಗಿ ಬೇಲಿ ದಾಟಿತು. ಊರಿನ ದೈವದ ಕಾರ್ಯ ನಡೆಸುವ ಗುತ್ತಿನ ಮನೆಯ ಗುಣಪಾಲನೂ ತಿಳಿಯದೆ ಕೋಲಕ್ಕೆ ಅದೇ ಹೂ ಒಯ್ದ.

ಬಡವರ ಉಪಕಾರ ದೇವರಿಗೆ ಕಾಣುತ್ತದೋ ಇಲ್ಲವೋ, ಕಂಪ್ಯೂಟರಿಗೆ ಕಂಡಿತು. ಆದಾಯ ಮಿತಿ ಮೀರಿದೆ ಎಂದು ನೋಟಿಸು ಬಂತು. ಸ್ವರ್ಣಲತಾ ಗಂಡನಿಗೆ ತಿಳಿಸದೆ ತಾಲೂಕು ಕಚೇರಿಗೆ ಹೋದಳು. ಅಲ್ಲಿದ್ದ ಅಕ್ಷಿತಾ ಎಂಬ ಹುಡುಗಿ ಒಳ್ಳೆಯವಳೇ.

"ನಿಮ್ಮದೇ ಹಿತ್ತಲಿನ ಹೂವಾದರೆ ತೆರಿಗೆ ಇಲ್ಲ ಅಮ್ಮ. ಆದರೆ ಇಷ್ಟು ಆದಾಯ ಇದ್ದವರಿಗೆ ಬಿಪಿಎಲ್ ಕಾರ್ಡ್ ಇಲ್ಲ. ಬೇರೆಯವರ ಪಾಲು ಉಂಟಾದರೆ ಅವರು ಸಹಿ ಹಾಕಲಿ, ವಾರ್ಡಿನ ಸದಸ್ಯರು ಸಾಕ್ಷಿ ಹಾಕಲಿ. ಕಾರ್ಡ್ ಉಳಿಯುತ್ತದೆ."

ವಾರ್ಡಿನ ಸದಸ್ಯ ಎಂದರೆ ಅದೇ ಗುಣಪಾಲ.

ಸುದ್ದಿ ತಿಳಿದು ಸಂಜೆ ಹರ್ಷಿಣಿ ತಾನಾಗಿಯೇ ಬಂದಳು. "ನಾನು ಸಹಿ ಹಾಕುತ್ತೇನೆ ಅಕ್ಕ. ನನ್ನಿಂದಾಗಿ ಭಾವನಿಗೆ ಎಂತದೂ ಆಗುವುದು ಬೇಡ."

"ಸಹಿ ಹಾಕಿ ಎಂತ ಮಾಡುವುದು? ಸಾವಿನ ಮನೆಯ ಹೂ ದೈವಕ್ಕೆ ಹೋಯಿತು ಎಂದು ಗುಣಪಾಲಣ್ಣನಿಗೆ ಗೊತ್ತಾದರೆ ನಿನ್ನ ಹೂವನ್ನು ಮತ್ತೆ ಯಾರು ಮುಟ್ಟುತ್ತಾರೆ ಮಾರಾಯ್ತಿ? ಮಕ್ಕಳಿಗೆ ಎಂತ ಕೊಡುತ್ತಿ?"

ಹರ್ಷಿಣಿ ಅತ್ತಳು. ಆದರೆ ಇನ್ನೊಮ್ಮೆ "ಹಾಕುತ್ತೇನೆ" ಎನ್ನಲಿಲ್ಲ. ಸ್ವರ್ಣಲತಾಳಿಗೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಆಯಿತು. ಮರುದಿನ ಹೋಗಿ ಹೂವೆಲ್ಲ ನನ್ನದೇ ಎಂದು ಬರೆದುಕೊಟ್ಟು ಬಂದಳು.

ಕಾರ್ಡ್ ರದ್ದಾಯಿತು. ಹೂವಿನ ದುಡ್ಡಿನಲ್ಲಿ ವಾರಕ್ಕೊಂದು ಡಯಾಲಿಸಿಸ್ ಆದರೆ ಅದೇ ಹೆಚ್ಚು. ವಿಠಲನ ಮುಖ ಬಾತಿತು, ಕಾಲು ಊದಿತು, ನಾಲ್ಕು ಹೆಜ್ಜೆಗೆ ಏದುಸಿರು. ಇನ್ನು ಮುಚ್ಚಿಡಲಾಗದೆ ಸ್ವರ್ಣಲತಾ ಎಲ್ಲವನ್ನೂ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಊದಿದ ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟು ಎದ್ದು ಕುಳಿತ.

"ನನ್ನಲ್ಲಿ ಒಂದು ಮಾತು ಕೇಳಬಹುದಿತ್ತಲ್ವಾ?"

"ಕೇಳಿದ್ದರೆ ನೀವು ಎಂತ ಹೇಳುತ್ತಿದ್ದಿರಿ?"

"ಅವಳ ಮಕ್ಕಳು ಉಣ್ಣಲಿ ಎಂದೇ ಹೇಳುತ್ತಿದ್ದೆ," ಎಂದ ವಿಠಲ. "ಆದರೆ ಹೇಳುವವನು ನಾನಾಗಿರುತ್ತಿದ್ದೆ."